ಮೂರನೆಯ ಪ್ಯಾಚ್

"ಈ ಸಲ ಕಿತ್ತೇ ಬುಡವ್ವ," ಎನ್ನುತ್ತ ಬಾಳ್ಳುಪೇಟೆಯ ಪಂಕ್ಚರ್ ಅಂಗಡಿಯ ಮಹಾದೇವಯ್ಯ ದಂತವೈದ್ಯೆ ಸೋನಿಯಾಳ ಕುರ್ಚಿಯಲ್ಲಿ ಒರಗಿದ. ಅವನ ಒಂದೇ ದವಡೆಹಲ್ಲಿಗೆ ಆಕೆ ಎರಡು ಬಾರಿ ಹಲ್ಲಿನ ಬಣ್ಣದ ಫಿಲ್ಲಿಂಗ್ ಹಾಕಿದ್ದಳು. ಎರಡು ಬಾರಿಯೂ ತಿಂಗಳೊಳಗೆ ಅಂಚು ಬಿಟ್ಟು, ತಣ್ಣೀರು ತಾಗಿದರೆ ಪ್ರಾಣ ಹೋಗುವಂತೆ ಜುಮ್ಮೆನ್ನುತ್ತಿತ್ತು.

"ಗಟ್ಟಿ ಹಲ್ಲು ಮಾದೇವಣ್ಣ, ಕೀಳೋಕೆ ಮನಸ್ಸು ಬರಲ್ಲ. ಇನ್ನೊಂದೇ ಸಲ ನೋಡೋಣ."

"ನೋಡು. ಆಮೇಲೂ ಸೋರಿದ್ರೆ, ನಂಗಿಂತ ಕೆಟ್ಟ ಪಂಕ್ಚರ್‌ನೋರು ಇಲ್ಲೊಬ್ರು ಅವ್ರೆ ಅಂತ ಲಾರಿಯೋರಿಗೆಲ್ಲ ಹೇಳ್ತೀನಿ."

ಸೋನಿಯಾ ನಗಲಿಲ್ಲ. ಆಕೆಯ ಕ್ಲಿನಿಕ್ಕಿನ ಬೋರ್ಡು ಏರಿ ಆರೇ ತಿಂಗಳಾಗಿತ್ತು. ಹೆದ್ದಾರಿಯ ಸುದ್ದಿಯೆಲ್ಲ ಹರಡುತ್ತಿದ್ದುದು ಮಹಾದೇವಯ್ಯನ ಅಂಗಡಿಯಿಂದಲೇ.

ಹಳೆಯ ಫಿಲ್ಲಿಂಗ್ ತೆಗೆದು, ಹಲ್ಲನ್ನು ತೊಳೆದು, ಆಕೆ ಹತ್ತಿಯುಂಡೆಗೆ ಕೈ ಹಾಕಿದಾಗ ಮಹಾದೇವಯ್ಯನ ದೃಷ್ಟಿ ಪಕ್ಕದ ಪುಟ್ಟ ಬಟ್ಟಲಿನ ಮೇಲೆ ಬಿತ್ತು.

"ಅದೇನವ್ವ?"

"ಅಂಟು. ಇದನ್ನ ಸವರಿದ್ರೇನೇ ಫಿಲ್ಲಿಂಗ್ ಹಿಡಿಯೋದು."

"ಯಾವಾಗ ಸುರ್ದಿದ್ದು?"

"ಬೆಳಗ್ಗೆ. ಪ್ರತಿ ಸಲ ಮುಚ್ಚಳ ತೆಗೆಯೋ ರಗಳೆ ಬೇಡ ಅಂತ..."

"ಅಯ್ಯೋ ಮಾರಾಯ್ತಿ! ನಮ್ ಪಂಕ್ಚರ್ ಸಲ್ಯೂಷನ್ ಹಿಂಗೇ ತೆರೆದಿಟ್ರೆ ಸ್ಪಿರಿಟ್ಟೆಲ್ಲ ಹಾರೋಗಿ ಜೋನಿಬೆಲ್ಲ ಆಗ್ಬುಡ್ತದೆ. ಒಳಕ್ಕೆ ಇಳಿಯಲ್ಲ, ಮೇಲೇ ಕೂತ್ಕಂತದೆ. ಪ್ಯಾಚು ಹಿಡ್ದಂಗೇ ಕಾಣ್ತದೆ, ಲಾರಿ ದೋಣಿಗಲ್ ಊರು ದಾಟೋದ್ರೊಳಗೆ ಪುಸ್!"

ಸೋನಿಯಾ ಬಟ್ಟಲನ್ನು ಓರೆ ಮಾಡಿದಳು. ಅಂಟು ನಿಧಾನವಾಗಿ, ಎಳೆಯೆಳೆಯಾಗಿ ಜಾರಿತು. ಕಾಲೇಜಿನಲ್ಲಿ ಓದಿದ್ದ ಪಾಠವದು. ಆಕೆಯ ಮುಖ ಕೆಂಪಾಯಿತು. ಬಟ್ಟಲನ್ನು ಒರೆಸಿ, ಸೀಸೆಯಿಂದ ಹೊಸದೊಂದು ಹನಿ ಬೀಳಿಸಿ, ಒಡನೆಯೇ ಮುಚ್ಚಳ ತಿರುಗಿಸಿದಳು. ಹಲ್ಲಿಗೆ ತೆಳ್ಳಗೆ ಉಜ್ಜಿ, ಮೆಲ್ಲನೆ ಗಾಳಿ ಬಿಟ್ಟಳು. ಹತ್ತಿ ತುಂಬಿದ ಬಾಯಿಯ ಮಹಾದೇವಯ್ಯ ಅಂಗೈಯೆತ್ತಿ 'ತಾಳು' ಎಂದು ಸನ್ನೆ ಮಾಡಿದ. ಅಂಟಿನ ಅಲುಗಾಟ ಪೂರ್ತಿ ನಿಂತ ಮೇಲೆಯೇ ಅದನ್ನು ಗಟ್ಟಿಯಾಗಿಸುವ ನೀಲಿ ದೀಪ ಉರಿಯಿತು; ಅದರ ಮೇಲೆ ಹೊಸ ಫಿಲ್ಲಿಂಗ್ ಕೂತಿತು.

ಪ್ಯಾಚ್ ಹಾಕಿದ ಟ್ಯೂಬನ್ನು ನೀರಿನ ತೊಟ್ಟಿಯಲ್ಲಿ ಮುಳುಗಿಸಿ ನೋಡದೆ ಮಹಾದೇವಯ್ಯ ಯಾರಿಗೂ ಕೊಟ್ಟವನಲ್ಲ. ನಾಲ್ಕು ತಿಂಗಳು ತುಂಬಿದ ದಿನ ಆತ ಐಸ್‌ಪೆಟ್ಟಿಗೆಯಿಂದ ಆಗಷ್ಟೇ ತೆಗೆದ ಸೋಡಾ ಹಿಡಿದು ಕ್ಲಿನಿಕ್ಕಿಗೆ ನುಗ್ಗಿದ. ಕಾದು ಕುಳಿತವರೆಲ್ಲ ನೋಡುತ್ತಿದ್ದಂತೆ ಬಾಯಿ ತುಂಬ ಸುರಿದುಕೊಂಡು, ಆ ಹಲ್ಲಿನ ಕಡೆಗೆ ಕೆನ್ನೆಯುಬ್ಬಿಸಿ, ಕಣ್ಣು ಮುಚ್ಚಿ ನಿಂತ.

ಗುಟುಕ್ಕನೆ ನುಂಗಿ ಆತ ಕೂಗಿದ:

"ಒಂದು ಗುಳ್ಳೇನೂ ಏಳ್ಲಿಲ್ಲ ಕಣವ್ವ!"