ತಿಗರಿಯಿಲ್ಲದ ಮೇಜು

ಹೋಪಿ ಅಜ್ಜಿ ಹಸಿಮಣ್ಣಿನ ಉಂಡೆಯನ್ನು ಮುಂದೆ ಚಾಚಿದ ಕೂಡಲೇ ಸಿದ್ದಕ್ಕ ಎರಡೂ ಕೈಗಳನ್ನು ಬೆನ್ನ ಹಿಂದೆ ಅಡಗಿಸಿಕೊಂಡಳು. ಗಡಿಗೆ ಮಾಡಿ ತೋರಿಸಲೆಂದು ಅಮೆರಿಕದ ಹೋಪಿ ಎಂಬ ಮೂಲನಿವಾಸಿ ಬುಡಕಟ್ಟಿನ ಆ ಅಜ್ಜಿ ಜರ್ಮನಿಯ ಹ್ಯಾನೋವರ್‌ನ ಮ್ಯೂಸಿಯಮ್ಮಿಗೆ ಬಂದಿದ್ದಳು. ಆ ಊರಿನಲ್ಲಿರುವ ಮಗಳ ಮನೆಗೆ ಬಂದಿದ್ದ ಸಿದ್ದಕ್ಕ ಮಗಳ ಜೊತೆ ಅದನ್ನು ನೋಡಲು ಹೋಗಿದ್ದಳು.

"ನಮ್ಮ ಕುಂಬಾರರಾಗ ಹೆಣ್ಮಕ್ಕಳು ತಿಗರಿ ಮುಟ್ಟಂಗಿಲ್ಲ ಅಂತ ಹೇಳು, ಪವಿ," ಎಂದಳು ಸಿದ್ದಕ್ಕ ಮಗಳಿಗೆ. ಐವತ್ತು ವರ್ಷ ಮಣ್ಣು ತುಳಿದು ನಾದಿದ್ದವಳು ಅವಳೇ. ತಿರುಗುವ ಚಕ್ರ ಮಾತ್ರ ಮೊದಲು ಅಪ್ಪನದು, ಆಮೇಲೆ ಗಂಡನದು.

ಪವಿ ಇಂಗ್ಲಿಷಿನಲ್ಲಿ ತಿಳಿಸಿದಳು. ಅಜ್ಜಿ ನಕ್ಕು ತನ್ನ ಮೇಜಿನತ್ತ ಕೈ ತೋರಿಸಿದಳು. ಅಲ್ಲಿ ಮಣ್ಣಿತ್ತು, ನೀರಿತ್ತು, ತಿಗರಿ ಇರಲಿಲ್ಲ. ಮಣ್ಣನ್ನು ಹಗ್ಗದಂತೆ ಹೊಸೆದು, ಸುತ್ತಿನ ಮೇಲೆ ಸುತ್ತು ಏರಿಸುತ್ತ ಅವಳು ಏನೋ ಹೇಳಿದಳು.

"ಅವ್ವಾ, ಅವರಾಗ ಗಡಿಗಿ ಮಾಡೋರೇ ಹೆಣ್ಮಕ್ಕಳಂತ. ಅವರಜ್ಜಿ ಕಲಿಸಿದ್ದಂತ. ಆದ್ರ ಮೊದಲು ಕೇಳಿ ಮುಟ್ಟಬೇಕಂತ."

"ಯಾರನ್ನ ಕೇಳಬೇಕು?"

"ಮಣ್ಣನ್ನ. ಅದಕ್ಕೂ ಜೀವ ಐತಂತ."

ಸಿದ್ದಕ್ಕ ಬಳೆಗಳನ್ನು ಮೇಲಕ್ಕೆ ಸರಿಸಿಕೊಂಡಳು. ಉಂಡೆಯನ್ನು ಹಣೆಗೆ ಒತ್ತಿಕೊಂಡು ತುಟಿಯಲ್ಲೇ ಏನೋ ಕೇಳಿದಳು. ಆಮೇಲೆ ಅದನ್ನು ಅಂಗೈಯಲ್ಲಿ ತೂಗಿ ನೋಡಿದಳು.

"ಇಷ್ಟು ಸಾಲಂಗಿಲ್ಲ ಅಂತ ಹೇಳು," ಎಂದಳು. "ನಾ ಮಾಡೂದು ನೀರಿನ ಕೊಡ."