ಕೈ ಎಟುಕುವಷ್ಟು ಹಸಿರು

ಶ್ರೀಶೈಲಕ್ಕೆ ನಡೆದು ಹೊರಟ ಭಕ್ತರ ತಂಡ ಯಶವಂತನಗರದ ರಸ್ತೆಗೆ ಬಂದಾಗ, ಜಡೆಪ್ಪ ಮನೆ ಪಕ್ಕದ ಬಿಲ್ವಪತ್ರಿ ಗಿಡದ ಕೆಳಗೆ ಹಗ್ಗದ ಹೊರಸಿನ ಮೇಲೆ ಕೂತು ಎಲೆ ತೊಳೆಯುತ್ತಿದ್ದ. ಕಿತ್ತ ಎಲೆಯನ್ನಲ್ಲ, ಗಿಡದಲ್ಲಿದ್ದ ಎಲೆಯನ್ನೇ. ಹಳೆ ಧೋತರದ ಚೂರನ್ನು ಚೊಂಬಿನ ನೀರಲ್ಲಿ ಅದ್ದಿ, ಮೂರು ದಳವನ್ನೂ ಒಂದೊಂದಾಗಿ ಒರೆಸುತ್ತಿದ್ದ. ಅದಿರು ಲಾರಿಗಳು ಎಬ್ಬಿಸಿದ ಧೂಳು ಕರಗಿ, ಕೆಂಪು ನೀರು ಅವನ ಮೊಳಕೈವರೆಗೂ ಹರಿದು ಬರುತ್ತಿತ್ತು.

ತಂಡದಿಂದ ಜಂಬುನಾಥ ಒಬ್ಬನೇ ಈಚೆ ಬಂದ. ಗಣಿಯಲ್ಲಿ ಇಬ್ಬರೂ ಒಂದೇ ಪಾಳಿಯಲ್ಲಿ ಕಲ್ಲು ಕೊರೆದವರು. ಹನ್ನೆರಡು ವರ್ಷ ಯುಗಾದಿಗೆ ಮುಂಚೆ ಒಟ್ಟಿಗೇ ಶ್ರೀಶೈಲದ ಮಲ್ಲಯ್ಯನ ಹಾದಿ ತುಳಿದವರು. ಈಗ ಜಡೆಪ್ಪನ ಎದೆಯೊಳಗೆ ಆ ಕಲ್ಲಿನ ಧೂಳು ಕೂತಿತ್ತು. ಬಳ್ಳಾರಿಯ ಡಾಕ್ಟರು ಎಕ್ಸ್‌ರೇ ನೋಡಿ, ನಡೆಯೋದು ಹಾಗಿರಲಿ, ಬಸ್ಸಿನಲ್ಲೂ ದೂರ ಕಳಿಸಬೇಡಿ ಅಂದಿದ್ದರು.

"ಏನಲೇ ಜಡೆಪ್ಪ, ಗಿಡಕ್ಕ ಎರಿಯಾಕತ್ತೀಯೇನು? ಏಳು, ನಾಕು ಮಂದಿ ಹೊತ್ಕೊಂಡು ಹೋಗ್ತೀವಿ."

"ನಾಕು ಮಂದಿ ಹೊರೋದಕ್ಕ ಇನ್ನಾ ಟೈಮ್ ಐತಿ, ಗಡಿಬಿಡಿ ಮಾಡಬ್ಯಾಡ," ಎಂದು ಜಡೆಪ್ಪ ನಕ್ಕ. ನಗು ಕೆಮ್ಮಾಯಿತು. ಹೆಂಡತಿ ಅಕ್ಕನಾಗಮ್ಮ ಒಳಗಿನಿಂದ ಓಡಿ ಬಂದು ಬೆನ್ನು ನೀವಿದಳು. ಕೆಮ್ಮು ನಿಲ್ಲುವ ಹೊತ್ತಿಗೆ ರಸ್ತೆಯಲ್ಲಿ ಆರು ಲಾರಿ ದಾಟಿ ಹೋಗಿದ್ದವು.

ಜಂಬುನಾಥ ಗಿಡವನ್ನು ನೋಡಿದ. ಕೂತವನ ಕೈ ಎಟುಕುವಷ್ಟು ಮಾತ್ರ ಹಸಿರು. ಅದರ ಮೇಲೆ ಗಿಡವೆಲ್ಲ ಇಟ್ಟಿಗೆಯ ಬಣ್ಣ.

"ದೀಪಾವಳಿಗೆ ನಿಂತು ತೊಳಿತಿದ್ದೆ," ಎಂದ ಜಡೆಪ್ಪ. "ಅಕಾ ನೋಡು, ಆ ಮುರದ ಟೊಂಗಿ ತನಕ ಹಸರಿತ್ತು. ಸಂಕ್ರಾಂತಿ ಆದಮ್ಯಾಲೆ ಕಾಲು ನಿಲ್ಲವಲ್ವು. ಮೊದ್ಲು ಭಾಳ ಅತ್ತೆ ಜಂಬಣ್ಣ. ಈ ಸಲ ಮಲ್ಲಯ್ಯ ಒಲ್ಲೆ ಅಂದ ಅಂತ. ಆಮ್ಯಾಲೆ ಇದರ ಕೆಳಗ ಕುಂತೆ. ಮುಂಜಾನೆ ಲಾರಿ ಸುರು ಆಗೋಕಿಂತ ಮುಂಚೆ, ಒದ್ದಿ ಪತ್ರಿ ವಾಸನಿ ಬರ್ತತಿ ನೋಡು, ಆವಾಗ ಒಂದೀಟು ಎದಿ ಹಗುರಾಗ್ತತಿ. ಅಡವ್ಯಾಗ ನಿನ್ನ ಬೆನ್ನ ಹಿಂದ ನಡದಂಗ ಆಗ್ತತಿ. ಸಾಕು ಬಿಡು. ಅಲ್ಲೂ ಅವ್ನೆ, ಇಲ್ಲೂ ಅವ್ನೆ."

ಹಾಗೆ ಹೇಳಿದವನು ತೊಳೆದ ಎಲೆಗಳಲ್ಲಿ ಹುಳ ತಿನ್ನದ, ದಳ ಹರಿಯದ ಇಪ್ಪತ್ತೊಂದನ್ನು ಹುಡುಕಿ ಕಿತ್ತ. ಅಷ್ಟಕ್ಕೇ ಮೂರು ಸಲ ಕೈ ನಿಲ್ಲಿಸಿ ಉಸಿರು ಎಳೆದುಕೊಂಡ. ಒದ್ದೆ ಬಟ್ಟೆಯಲ್ಲಿ ಕಟ್ಟಿ ಗೆಳೆಯನ ಕೈಗಿಟ್ಟ.

"ಅಲ್ಲಿಗೆ ಹೋಗೋದ್ರಾಗ ಒಣಗ್ತಾವಲ್ಲೋ."

"ಒಣಗಿದ್ರ ಅವ ಬ್ಯಾಡ ಅನ್ನಂಗಿಲ್ಲ. ಧೂಳ್ ಇರಬಾರ್ದು ಅಷ್ಟ. ನನ್ನ ಎದಿಯಂತೂ ತೊಳಿಯಾಕ ಬರಲಿಲ್ಲ. ಇವಾದ್ರೂ ಸ್ವಚ್ಛ ಮುಟ್ಲಿ."

ಜಂಬುನಾಥ ಗಂಟನ್ನು ಕಣ್ಣಿಗೊತ್ತಿಕೊಂಡ. "ತೀರ್ಥ ತರ್ತೀನಿ. ಅಷ್ಟರಾಗ ನೀನು ನಿಂತು ತೊಳಿಬೇಕು ನೋಡು. ಬಸ್ಸಿಳದು ದೂರದಿಂದನ ಗಿಡ ನೋಡ್ತೀನಿ. ಹಸರು ಮ್ಯಾಲೆ ಹತ್ತಿರಬೇಕು."

"ಹತ್ತಿಸ್ತೀನಿ, ಹೋಗು. ನಿನ್ನ ಮಂದಿ ದೂರ ಹೋದ್ರು."

ಯುಗಾದಿ ಮುಗಿದ ಮೂರನೇ ದಿನ ಜಂಬುನಾಥ ಬಸ್ಸಿಳಿದ. ಅಂಗಾಲಿನ ಬೊಬ್ಬೆ ಒಡೆದು ಹೆಜ್ಜೆ ಊರಲಾಗುತ್ತಿರಲಿಲ್ಲ. ರಸ್ತೆಯ ತಿರುವಿಗೆ ಬಂದು ತಲೆ ಎತ್ತಿದವನು ಹಾಗೇ ನಿಂತ. ಪತ್ರಿ ಗಿಡ ನಿಂತ ಮನುಷ್ಯನ ಎತ್ತರಕ್ಕೂ ಹಸಿರಾಗಿತ್ತು. ತೊಳೆದ ಎಲೆಗಳು ಬಿಸಿಲಿಗೆ ಮಿನುಗುತ್ತಿದ್ದವು.

"ಎದ್ದಿ ಬಿಡಲೇ ಮಗನೇ!" ಎಂದು ಅವನು ರಸ್ತೆಯಲ್ಲೇ ಕೂಗಿದ. ಬೊಬ್ಬೆಯ ಕಾಲಲ್ಲೇ ಓಡಿದ. ತೀರ್ಥದ ಬಾಟಲಿಯನ್ನು ಎತ್ತಿ ಹಿಡಿದುಕೊಂಡೇ ಓಡಿದ. "ಜಡೆಪ್ಪಾ, ನಾನ ಕೈಯಾರ ಲಿಂಗದ ಮ್ಯಾಲೆ ಏರಿಸಿದೆ, ಇಪ್ಪತ್ತೊಂದೂ!"

ಗಿಡದ ಮರೆಯಿಂದ ಅಕ್ಕನಾಗಮ್ಮ ಈಚೆ ಬಂದಳು. ಒಂದು ಕೈಯಲ್ಲಿ ಚೊಂಬು, ಇನ್ನೊಂದರಲ್ಲಿ ಧೋತರದ ಚೂರು. ಹೊರಸನ್ನು ಗೋಡೆಗೆ ನೆಟ್ಟಗೆ ನಿಲ್ಲಿಸಿದ್ದರು. ಅದರ ಕಾಲುಗಳು ಅಂಗಳದ ಕಡೆ ಚಾಚಿದ್ದವು.

"ನೀವು ಹೋದ ಆರನೇ ದಿನ, ಅಣ್ಣಾ," ಎಂದಳು. "ಉಸಿರು ನಿಲ್ಲೋಕಿಂತ ಮುಂಚೆ ಹೇಳಿದ್ರು, ಜಂಬಣ್ಣಗ ಫೋನ್ ಹಚ್ಚಬ್ಯಾಡ, ಹಾದ್ಯಾಗಿಂದ ತಿರುಗಿ ಬಂದುಬಿಡ್ತಾನ, ಪತ್ರಿ ಮುಟ್ಟಂಗಿಲ್ಲ ಅಂತ."

ಜಂಬುನಾಥ ಬಾಟಲಿಯನ್ನು ಕೆಳಗಿಳಿಸಿದ. ಕೈಯೆತ್ತಿ ಗಿಡವನ್ನು ತೋರಿಸಿದ. "ಮತ್ತ... ಈ ಹಸರು..."

ಅಕ್ಕನಾಗಮ್ಮ ತಲೆಯೆತ್ತಿ ಮುರಿದ ಟೊಂಗೆಯ ಕಡೆ ನೋಡಿದಳು. ಅದರ ಸುತ್ತಲಿನ ಎಲೆ ಇನ್ನೂ ಕೆಂಪಾಗಿಯೇ ಇತ್ತು.

"ನನ್ನ ಕೈ ಎಟುಕಿದ್ದು ಅವ್ರ ಕೈಗಿಂತ ಒಂದು ಗೇಣು ಕೆಳಗ್ರೀ," ಎಂದಳು. "ದೂರದಿಂದ ನಿಮಗ ಗೊತ್ತಾಗಿಲ್ಲ."