ಮಲ್ಕ್ಯಾ ಅದಾನೇನು?

“ಭಾವೂ, ಮಲ್ಕ್ಯಾ ಆಹೆ ಕಾ?” ಮಲ್ಕ್ಯಾ ಇದ್ದಾನೇನು ಎಂದು ಮರಾಠಿಯಲ್ಲಿ ಕೇಳುತ್ತ ಗಿರಾಕಿ ಪಾನಪಟ್ಟಿ ಅಂಗಡಿಯ ಮುಂದೆ ಅಂಗೈ ಚಾಚಿದ. ಪಕ್ಕದಲ್ಲೇ ಹೋಳಿಗೆಯ ಡಬ್ಬಿ ಹಿಡಿದು ನಿಂತಿದ್ದ ಕಾಶವ್ವ ತಟ್ಟನೆ ತಿರುಗಿದಳು. ಅಂಗಡಿಯೊಳಗೆ ಕೂತಿದ್ದ ಮಾಂತು ಕೈಯನ್ನು ಗಲ್ಲಾಪೆಟ್ಟಿಗೆಯ ಕೆಳಗೆ ಎಳೆದುಕೊಂಡ.

ಮಲ್ಕ್ಯಾ ಅಂದರೆ ಮಲಕಪ್ಪ, ಕಾಶವ್ವನ ಮಗ. ಕೊಂಢವಾ ಬಡಾವಣೆಯ ಈ ಮೂಲೆಯಲ್ಲಿ ಬಿಳಿ ಪುಡಿ ಮಾರಲು ಶುರುಮಾಡಿದವನೂ ಅವನೇ, ಅದನ್ನೇ ಮೂಗಿಗೇರಿಸಿ ಸತ್ತವನೂ ಅವನೇ. ಅವನು ಹೋದ ಮೇಲೂ ಗಿರಾಕಿಗಳು ಅವನನ್ನೇ ಕೇಳಿಕೊಂಡು ಬಂದರು, ಬರಬರುತ್ತ ಪುಡಿಗೇ ಆ ಹೆಸರು ನಿಂತಿತು. ಈ ದರಿದ್ರ ಓಣಿ ಸತ್ತವನ ಹೆಸರನ್ನೂ ಬಿಡದೆ ಮಾರಿತು. ಮಾರುವವನು ಈಗ ಅವನ ಜೀವದ ಗೆಳೆಯ ಮಾಂತು. ಹಡೆದವಳಿಗೆ ಮಾತ್ರ ಕಾಮಾಲೆಯಿಂದ ಸತ್ತನೆಂದು ಹೇಳಿದ್ದರು.

“ಯಾರೋ ಇಂವಾ? ನಮ್ಮ ಮಲಕೂನ್ನ ಕೇಳಾಕತ್ತಾನಲ್ಲ.”

“ಅವನ ದೋಸ್ತ ಬೇ, ಯವ್ವಾ. ಹೋಗಿದ್ದು ಗೊತ್ತಿಲ್ಲ ಅಂವಗ.”

ಇವತ್ತು ಮಗನ ವರ್ಷದ ಎಡೆ. ಅವನ ಗೆಳೆಯರಿಗೆ ತಿನ್ನಿಸಬೇಕೆಂದೇ ಕಾಶವ್ವ ಬಂದಿದ್ದಳು. ಗಿರಾಕಿಯ ಕೆನ್ನೆ ಸವರಿ ನೆಟಿಗೆ ಮುರಿದಳು. ಇನ್ನೂ ಚಾಚಿಯೇ ಇದ್ದ ಆ ಅಂಗೈಯಲ್ಲಿ ಹೋಳಿಗೆ ಇಟ್ಟಳು.

“ತಿನ್ನಪಾ. ಭಾಳ ಹಸದೀ ಅನಸ್ತದ, ಕೈ ನಡಗಾಕತ್ತಾವ.”

ಮಗ ಸತ್ತ ಮೇಲೆ ಅವಳ ಮುಖ ಹೀಗೆ ಅರಳಿದ್ದನ್ನು ಮಾಂತು ನೋಡಿರಲಿಲ್ಲ. “ಇನ್ನೂ ಯಾರರೆ ನೆನಸ್ತಾರೇನೋ ಮಾಂತು, ನನ್ನ ಮಗನ್ನ?”

ಗಲ್ಲಾಪೆಟ್ಟಿಗೆಯ ಕೆಳಗೆ ಬಿಳಿ ಪುಡಿಯ ಪುಡಿಕೆ ಹಿಡಿದಿದ್ದ ಮಾಂತುವಿನ ಮುಷ್ಟಿ ಬಿಗಿಯಾಯಿತು.

“ದಿನಾ ಕೇಳ್ತಾರ, ಯವ್ವಾ.”